ಸಂದರ್ಶನದಲ್ಲಿ ಮದುವೆ, ಮನೆದೇವರ ವಿಚಾರ ಕೇಳಿದರೆ ಏನು ಹೇಳಬೇಕು?

ಪ್ರಶ್ನೆ (ಹೂಟಗಳ್ಳಿ, ಮೈಸೂರು):
ಹಿರಿಯರಿಗೆ ನಮಸ್ಕಾರ. ಬಿ.ಕಾಂ. ಮುಗಿಸಿ ಎರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದಿರುವ ನಾನು ಕಳೆದ ವಾರ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿದ್ದೆ. ಟ್ಯಾಲಿ, ಜಿಎಸ್‌ಟಿ ಕುರಿತು ಎರಡೇ ಪ್ರಶ್ನೆ ಕೇಳಿದ ಅಧಿಕಾರಿ ನನ್ನ ಅರ್ಜಿಯನ್ನು ಮಡಚಿಟ್ಟು, ‘ಮದುವೆ ಯಾವಾಗ? ಆಮೇಲೆ ಮಗು ಅಂತ ರಜೆ ಹಾಕ್ತೀರಲ್ಲ?’ ಎಂದರು, ಹೊರಡುವಾಗ ‘ಮನೆದೇವರು ಯಾವುದು?’ ಎಂದೂ ವಿಚಾರಿಸಿದರು. ಉತ್ತರ ತೋಚದೆ ತಲೆ ತಗ್ಗಿಸಿ ಬಂದೆ. ಹೀಗೆ ಕೇಳುವುದು ಕಾನೂನಿಗೆ ವಿರುದ್ಧವಲ್ಲವೇ?

ಉತ್ತರ (ವಕೀಲರು, ಮೈಸೂರು):
ಖಾಸಗಿ ಸಂಸ್ಥೆಯವರು ಮದುವೆಯ ಬಗ್ಗೆ ಕೇಳುವುದನ್ನೇ ಅಪರಾಧವೆನ್ನುವ ನೇರ ಕಾನೂನು ನಮ್ಮಲ್ಲಿಲ್ಲ. ಆದರೆ ಒಂದೇ ಬಗೆಯ ಕೆಲಸದ ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಅಂದರೆ ತಪ್ಪಿರುವುದು ಪ್ರಶ್ನೆಗಿಂತ ಹೆಚ್ಚಾಗಿ, ಆ ಉತ್ತರದ ಮೇಲೆ ಕೆಲಸ ನಿರಾಕರಿಸುವುದರಲ್ಲಿ. ಜೀವ ವಿಮಾ ನಿಗಮವು ಮಹಿಳಾ ಅಭ್ಯರ್ಥಿಗಳಿಂದ ಮುಟ್ಟು, ಗರ್ಭಧಾರಣೆಯ ವಿವರ ಬರೆಸಿಕೊಳ್ಳುತ್ತಿದ್ದಾಗ, ಅಂಥ ಅಂಕಣಗಳು ಅವಮಾನಕರವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಅವನ್ನು ತೆಗೆಸಲು ಸೂಚಿಸಿತು. ನಮ್ಮ ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮನವರು ವಿದೇಶಾಂಗ ಸೇವೆಗೆ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂಬ ಮುಚ್ಚಳಿಕೆಗೆ ಸಹಿ ಹಾಕಬೇಕಾಗಿತ್ತು. ಸೇವೆಯಲ್ಲಿನ ಇಂಥ ತಾರತಮ್ಯದ ವಿರುದ್ಧ ಅವರು ಹೂಡಿದ ಮೊಕದ್ದಮೆಯಲ್ಲಿ 1979ರಲ್ಲಿ ನ್ಯಾಯಾಲಯ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು.

ಉತ್ತರ (ನಿವೃತ್ತ ಸಿಬ್ಬಂದಿ ಅಧಿಕಾರಿ, ಕುವೆಂಪುನಗರ):
ತಂಗಿ, ತಲೆ ತಗ್ಗಿಸಬೇಕಾದವರು ನೀವಲ್ಲ. ಮೂವತ್ತು ವರ್ಷ ಮೇಜಿನ ಆಚೆ ಬದಿಯಲ್ಲಿ ಕುಳಿತವನಾಗಿ ಹೇಳುತ್ತೇನೆ: ಮದುವೆಯ ಪ್ರಶ್ನೆಯ ಹಿಂದೆ ಸಾಮಾನ್ಯವಾಗಿ ‘ಈಕೆ ನಿಲ್ಲುತ್ತಾಳೆಯೇ’ ಎಂಬ ಅಳುಕಿರುತ್ತದೆ. ಅದಕ್ಕಷ್ಟೇ ಉತ್ತರಿಸಿ: ‘20ನೇ ತಾರೀಕಿನೊಳಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ತಡವಾಗಿ ಕೂರಬೇಕಾದರೆ ಕೂರುತ್ತೇನೆ ಸಾರ್, ಹಿಂದಿನ ಕಡೆಯೂ ಕೂತಿದ್ದೇನೆ.’ ಮದುವೆ ಆಗಿದೆ, ಆಗಿಲ್ಲ ಎಂದು ಸುಳ್ಳು ಮಾತ್ರ ಹೇಳಬೇಡಿ, ಮುಂದೆ ಪಿಎಫ್ ನಾಮನಿರ್ದೇಶನದ ನಮೂನೆಯಲ್ಲಿ ಅದು ಹೊರಬೀಳುತ್ತದೆ.

ಉತ್ತರ (ಮಂಡ್ಯ):
ಮೇಲಿನ ಹಿರಿಯರ ಮಾತು ಮದುವೆಯ ಪ್ರಶ್ನೆಗೆ ಸರಿ, ಮನೆದೇವರ ಪ್ರಶ್ನೆಗೆ ಸಾಲದು. ನಮ್ಮ ಕಡೆ ‘ನೀವು ಯಾವ ಜನ’ ಎಂದು ಬಾಯಿಬಿಟ್ಟು ಕೇಳಲು ಹಿಂಜರಿಯುವವರು ಮನೆದೇವರನ್ನು ಕೇಳುತ್ತಾರೆ, ಆ ಹೆಸರಿನಿಂದ ಜಾತಿಯನ್ನು ಲೆಕ್ಕ ಹಾಕಿಕೊಳ್ಳುತ್ತಾರೆ. ಅಲ್ಲಿ ನಿವಾರಿಸಬೇಕಾದ ಅಳುಕೇನೂ ಇಲ್ಲ. ನನ್ನನ್ನು ಕೇಳಿದಾಗ ‘ಅಂಕಪಟ್ಟಿ ತಮ್ಮ ಮುಂದಿದೆ ಸಾರ್, ಕೆಲಸದ ವಿಷಯ ಕೇಳಿ’ ಎಂದೆ. ಆ ಕೆಲಸ ಸಿಗಲಿಲ್ಲ. ಹೊರಬಂದವನೇ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ದಿನಾಂಕ, ಸಮಯ, ಕೇಳಿದವರ ಹುದ್ದೆ, ಅವರು ಆಡಿದ ಪದಗಳನ್ನು ಹಾಗೆಯೇ ಬರೆದುಕೊಂಡು, ಸಂಸ್ಥೆಯ ಮುಖ್ಯಸ್ಥರಿಗೆ ಇಮೇಲ್ ಮಾಡಿದೆ. ನೀವೂ ಇವತ್ತೇ ಬರೆದಿಟ್ಟುಕೊಳ್ಳಿ. ವಾರ ಕಳೆದಿದೆ, ಇನ್ನೂ ತಡವಾದರೆ ಮಾತುಗಳು ಕಲಸಿಹೋಗುತ್ತವೆ.