ಭಾನುವಾರ ಡಾಕ್ಟರನ್ನು ಕೇಳಿ: ಹೆಂಗಸರು ಮತ್ತು ಎಡಿಎಚ್‌ಡಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 4ರಿಂದ 6ರವರೆಗೆ ನಮ್ಮ ಗುಂಪಿನ ಮನೋವೈದ್ಯೆ ಮೇಡಂ ಇರುತ್ತಾರೆ. ವಿಷಯ: ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಎಡಿಎಚ್‌ಡಿ. ಅಂದರೆ ಗಮನ ನಿಲ್ಲದಿರುವುದು, ಮರೆವು, ಚಡಪಡಿಕೆ, ಹಿಡಿದ ಕೆಲಸ ಮುಗಿಸಲು ಆಗದಿರುವುದು. ಹೆಸರು ಬೇಡ, ಊರು ಹಾಕಿದರೆ ಸಾಕು. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಹಾಸನ: ನಮಸ್ತೆ ಮೇಡಂ. ನನಗೆ 29. ಸ್ಕೂಟರ್ ಕೀ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತೇನೆ. ಒಂದು ರೀಲ್ ನೋಡಿದೆ, ಅದರಲ್ಲಿ ಹೇಳಿದ್ದೆಲ್ಲ ನನಗೂ ಇದೆ. ಎಡಿಎಚ್‌ಡಿ ಇರಬಹುದಾ?

ಡಾಕ್ಟರ್: ನಮಸ್ಕಾರ. ಕೀ ಹುಡುಕುವುದು ಒಂದರಿಂದಲೇ ಹೇಳಲು ಆಗುವುದಿಲ್ಲ. ನಾವು ಕೇಳುವುದು ಇಷ್ಟು. 12 ವರ್ಷದ ಒಳಗೇ ಇದರ ಸುಳಿವು ಇತ್ತಾ? ಮನೆ, ಕೆಲಸ ಎರಡೂ ಕಡೆ ತೊಂದರೆ ಆಗುತ್ತಿದೆಯಾ? ಕೆಲಸ, ದುಡ್ಡು, ಸಂಬಂಧ ಇವಕ್ಕೆ ಪೆಟ್ಟು ಬಿದ್ದಿದೆಯಾ? ಬೇರೆ ಕಾಯಿಲೆಯಿಂದ ಹೀಗಾಗುತ್ತಿಲ್ಲ ಅಂತ ಖಾತ್ರಿಯಾ? ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ಆತುರಕ್ಕೆ ಸಂಬಂಧಿಸಿದ 9 ಲಕ್ಷಣ ಇವೆ. 17 ದಾಟಿದವರಲ್ಲಿ ಯಾವುದಾದರೂ ಒಂದು ಪಟ್ಟಿಯ 5 ಲಕ್ಷಣವಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿ ಸಿಗುತ್ತದೆ, ತುಂಬಿ ನೋಡಿ. ಅದು ಜರಡಿ ಹಿಡಿಯಲು ಮಾತ್ರ. ತೀರ್ಮಾನ ಎದುರು ಕೂತು ಮಾತಾಡಿದ ಮೇಲೆಯೇ.

ದಾವಣಗೆರೆ: ಮೇಡಂ, ನನಗೆ 41. ಆರು ತಿಂಗಳಿಂದ ಏನೂ ನೆನಪಿರುತ್ತಿಲ್ಲ. ಮುಂಚೆ ಹೀಗಿರಲಿಲ್ಲ. ಕೂದಲು ಉದುರುತ್ತಿದೆ, ತುಂಬ ಸುಸ್ತು.

ಡಾಕ್ಟರ್: ಮುಂಚೆ ಇಲ್ಲದೆ ಈಗ ಶುರುವಾಗಿದ್ದರೆ ಎಡಿಎಚ್‌ಡಿ ಅಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಮುಟ್ಟು ಏರುಪೇರಾಗಿದ್ದರೆ, ನಿದ್ದೆ ಕೆಟ್ಟಿದ್ದರೆ, ಮನಸ್ಸು ಕುಗ್ಗಿದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ಹೇಳಿ.

ತಿಪಟೂರು: ಮೇಡಂ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ 36. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಮಗನಿಗೆ 9 ವರ್ಷ. ಹೋದ ವರ್ಷ ಅವನಿಗೆ ಎಡಿಎಚ್‌ಡಿ ಅಂತ ಹೇಳಿದರು. ಅವನ ಬಗ್ಗೆ ಫಾರ್ಮ್ ತುಂಬುವಾಗ ಒಂದೊಂದು ಸಾಲೂ ನನ್ನದೇ ಅನಿಸಿ ಅಲ್ಲೇ ಕಣ್ಣಲ್ಲಿ ನೀರು ಬಂತು. ನನ್ನ ಬೆಳಗ್ಗೆ ಹೇಗಿರುತ್ತದೆ ಹೇಳುತ್ತೇನೆ. ಹಾಲು ಒಲೆ ಮೇಲೆ ಇಡುತ್ತೇನೆ. ಮಗನ ಸಾಕ್ಸ್ ಹುಡುಕಲು ರೂಮಿಗೆ ಹೋಗುತ್ತೇನೆ. ಅಲ್ಲಿ ಒಗೆದ ಬಟ್ಟೆ ರಾಶಿ ಕಾಣುತ್ತದೆ, ಮಡಿಸಲು ಕೂರುತ್ತೇನೆ. ಸೀದ ವಾಸನೆ ಬಂದಾಗಲೇ ಹಾಲು ನೆನಪಾಗುವುದು. ಈ ವರ್ಷ ಮೂರನೇ ಪಾತ್ರೆ ತಳ ಸುಟ್ಟಿತು. ಅಕ್ಕಿ ನೆನೆಹಾಕಿ ಎರಡು ದಿನ ಮರೆಯುತ್ತೇನೆ. ಒಂದು ದಿನ ಸ್ಕೂಲ್ ಬಸ್ ಬಂದು ನಿಂತಿದೆ, ನಾನಿನ್ನೂ ಆಫೀಸಿನಲ್ಲೇ ಇದ್ದೆ, ಅರ್ಧ ದಿನ ಅನ್ನೋದೇ ಮರೆತಿದ್ದೆ. ಮಗ ಅಂಗಡಿ ಕಟ್ಟೆ ಮೇಲೆ ಕೂತು ಅಳುತ್ತಿದ್ದ.
ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಮಾರ್ಚ್ ಲೆಕ್ಕ ಮುಗಿಸುವಾಗ ಮಗನ ಮೀಥೈಲ್‌ಫೆನಿಡೇಟ್ ಮಾತ್ರೆ ಒಂದು ನುಂಗಿದೆ. ತಲೆಯೊಳಗಿನ ಸದ್ದು ಮೊದಲ ಸಲ ನಿಂತಿತು. ಈಗ ವಾರಕ್ಕೆ ಮೂರು ದಿನ ತಗೊಳ್ಳುತ್ತೇನೆ. ರಾತ್ರಿ ಎದೆ ಡವಡವ ಅನ್ನುತ್ತದೆ. ನಮ್ಮಪ್ಪ 38ಕ್ಕೇ ಹೋದರು. ತೋಟದಲ್ಲಿ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ. ಅದಕ್ಕೇ ಭಯ. ನಾನು ಸೋಮಾರಿನಾ ಮೇಡಂ, ಇಲ್ಲಾ ಇದು ಕಾಯಿಲೆನಾ?

ಮಂಡ್ಯ: ಎಲ್ಲರೂ ಗಮನಿಸಿ. ಬಜೆ ಬೇರನ್ನು ಸುಟ್ಟು ಪುಡಿ ಮಾಡಿ ಜೇನುತುಪ್ಪದಲ್ಲಿ 48 ದಿನ ತಿಂದರೆ ಎಂಥ ಮರೆವೂ ಹೋಗುತ್ತದೆ. ಇಂಗ್ಲಿಷ್ ಔಷಧಿ ಬೇಡ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ತಿಪಟೂರಿನವರೇ, ನಿಮಗೆ ಮೊದಲು ಉತ್ತರಿಸುತ್ತೇನೆ. ಉಳಿದವರು ಸ್ವಲ್ಪ ಕಾಯಿರಿ.

ಆ ಮಾತ್ರೆಯನ್ನು ಇವತ್ತಿನಿಂದ ನಿಲ್ಲಿಸಿ. ನಾಳೆಯಿಂದ ಅಲ್ಲ, ಇವತ್ತಿನಿಂದ. ವಾರಕ್ಕೆ ಮೂರು ದಿನ ತಗೊಂಡವರು ಒಮ್ಮೆಗೇ ಬಿಟ್ಟರೆ ತೊಂದರೆ ಇಲ್ಲ. ಒಂದೆರಡು ದಿನ ಮಂಕು ಅನಿಸಬಹುದು, ಅಷ್ಟೇ. ಆ ಔಷಧಿ ನಾಡಿ ಬಡಿತವನ್ನೂ ಬಿಪಿಯನ್ನೂ ಏರಿಸುತ್ತದೆ. ಅದನ್ನು ಕೊಡುವ ಮುಂಚೆ ನಾವು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇವೆ: ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ನಿಮ್ಮನ್ನು ಆ ಪ್ರಶ್ನೆ ಕೇಳುವವರೇ ಇರಲಿಲ್ಲ, ಯಾಕೆಂದರೆ ನೀವು ಡಾಕ್ಟರ ಹತ್ತಿರ ಹೋಗಲೇ ಇಲ್ಲ. ನಾಳೆಯೇ ಇಸಿಜಿ ಮಾಡಿಸಿ, ಅಪ್ಪನ ವಿಷಯ ಹೇಳಿ, ಹೃದಯದ ಡಾಕ್ಟರಿಗೆ ತೋರಿಸಿ. ನಡುವೆ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ನಾಳೆ ತನಕ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮಗನ ಡಾಕ್ಟರಿಗೂ ಅವನ ತಾತನ ವಿಷಯ ತಿಳಿಸಿ. ಅವರಿಗೆ ಗೊತ್ತಿಲ್ಲದೆ ಇರಬಹುದು.

ಆ ಮಾತ್ರೆ ಕಾನೂನಿನ ಬಿಗಿ ಹಿಡಿತವಿರುವ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನದು. ಚೀಟಿ ಎರಡು ಪ್ರತಿ ಬೇಕು, ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಎಣಿಸಿ ಕೊಟ್ಟ ಮಾತ್ರೆ ನೀವು ತಗೊಂಡಷ್ಟೂ ಮಗನಿಗೆ ಕಡಿಮೆ ಬೀಳುತ್ತದೆ. ಇನ್ನೊಂದು ಮಾತು. ಮಾತ್ರೆ ನುಂಗಿದಾಗ ಗಮನ ನಿಂತಿತು ಅಂದ ಮಾತ್ರಕ್ಕೆ ಎಡಿಎಚ್‌ಡಿ ಇದೆ ಅಂತ ಆಗುವುದಿಲ್ಲ. ಇಲ್ಲದವರಿಗೂ ಅದು ಚುರುಕು ಅನಿಸುತ್ತದೆ.

ಆದರೆ ನಿಮ್ಮ ಕಥೆಯ ಉಳಿದ ಭಾಗ ಓದಿದರೆ ಎಡಿಎಚ್‌ಡಿ ಇರುವ ಸಾಧ್ಯತೆ ಜಾಸ್ತಿ ಅಂತಲೇ ನನಗನಿಸುತ್ತದೆ. ಇದು ವಂಶದಲ್ಲಿ ಬಲವಾಗಿ ಹರಿಯುತ್ತದೆ, ಮಗನಿಗೆ ಗೊತ್ತಾದ ಮೇಲೆ ಅಮ್ಮನಿಗೂ ಇದೆ ಅಂತ ತಿಳಿಯುವುದನ್ನು ನನ್ನ ಕೋಣೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಶಾಲೆಯಲ್ಲಿ ಬೆಂಚ್ ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತ ಸುಮ್ನೆ ಇರುವ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ನೀವು ಓದುವಾಗ ಬುತ್ತಿ ಕಟ್ಟಿದ್ದು, ಫೀಸ್ ದಿನ ನೆನಪಿಸಿದ್ದು, ಬೆಳಗ್ಗೆ ಎಬ್ಬಿಸಿದ್ದು ಅಮ್ಮ ಅಲ್ವಾ? ಮದುವೆಯಾದ ಮೇಲೆ ನಾಲ್ಕು ಜನರ ನೆನಪು ನಿಮ್ಮ ಒಂದು ತಲೆ ಮೇಲೆ ಬಿತ್ತು. ಹಾಲು, ಸಾಕ್ಸ್, ಬಟ್ಟೆ ಮೂರನ್ನೂ ಸಾಲಾಗಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಎಡಿಎಚ್‌ಡಿಯಲ್ಲಿ ಕಡಿಮೆ. ಕಣ್ಣಿಗೆ ಬಿದ್ದದ್ದು ಗಮನವನ್ನು ಎಳೆದುಕೊಳ್ಳುತ್ತದೆ, ಕಣ್ಣಿಂದ ಮರೆಯಾದ ಹಾಲು ಮನಸ್ಸಿಂದಲೂ ಹೋಗುತ್ತದೆ. ಸೋಮಾರಿಯಾದವರು ಬಟ್ಟೆ ರಾಶಿ ಕಂಡರೆ ಮಡಿಸಲು ಕೂರುವುದಿಲ್ಲ, ತಾಯಿ.

ಸದ್ಯಕ್ಕೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತನ್ನಿ. ಒಲೆ ಹತ್ತಿರ ಒಂದು ಸ್ಟೂಲ್ ಇಡಿ, ಉರಿ ಇರುವಷ್ಟು ಹೊತ್ತು ಅಲ್ಲೇ ಕೂತಿರಿ, ಬೇಕಾದರೆ ಸೊಪ್ಪು ಬಿಡಿಸಿ. ಶಾಲೆಯ ಅರ್ಧ ದಿನಗಳನ್ನು ನಿಮ್ಮ ಯಜಮಾನರ ಫೋನಿನಲ್ಲೂ ಅಲಾರಂ ಇಡಿ. ಪರೀಕ್ಷೆ ಮಾಡಿಸಿದ ಮೇಲೆ ಔಷಧಿ ಬೇಕೇ, ಯಾವುದು ಅಂತ ನೋಡೋಣ. ಅಟೊಮೊಕ್ಸೆಟಿನ್ ಅಂತ ಇನ್ನೊಂದಿದೆ, ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು. ಅದೂ ನಾಡಿ ಏರಿಸುತ್ತದೆ. ಹಾಗಾಗಿ ಇಸಿಜಿ ಮೊದಲು. ಮಾಡಿಸಿ ಇಲ್ಲಿ ಒಂದು ಸಾಲು ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಮೈಸೂರು: ಡಾಕ್ಟರ್ ಮೇಲೆ ಗೌರವವಿದೆ. ಆದರೆ ನಮ್ಮ ತಾಯಿ ಏಳು ಮಕ್ಕಳನ್ನು ಸಾಕಿದರು, ಒಂದು ದಿನ ಹಾಲು ಉಕ್ಕಿಸಿದವರಲ್ಲ. ಎಲ್ಲ ಮೊಬೈಲ್ ಮಹಿಮೆ.

ಶಿರಸಿ: ಸರ್, ಅವರು ಮೊಬೈಲ್ ಅಂತ ಎಲ್ಲೂ ಬರೆದಿಲ್ಲ. ನಮ್ಮ ಚಿಕ್ಕಮ್ಮನ ಕಾಲದಲ್ಲಿ ಮನೆಗೆ ಲ್ಯಾಂಡ್‌ಲೈನೂ ಇರಲಿಲ್ಲ. ಒಗ್ಗರಣೆ ಇಟ್ಟು ಬಾಳೆಎಲೆ ತರಲು ಹಿತ್ತಲಿಗೆ ಹೋದರೆ, ಅಲ್ಲೇ ಮಲ್ಲಿಗೆ ಗಿಡದ ಬುಡ ಬಿಡಿಸುತ್ತ ಕೂತುಬಿಡುತ್ತಿದ್ದರು. ಮನೆಯಲ್ಲಿ 14 ಜನ ಇದ್ದೆವು, ಯಾರೋ ಒಬ್ಬರು ಬಾಣಲೆ ಇಳಿಸುತ್ತಿದ್ದರು. ಆದರೆ ಸಾಯುವವರೆಗೂ ಅವರನ್ನು ಎಲ್ಲರೂ ಮರೆಗುಳಿ ಅಂತಲೇ ಕರೆದರು. ನಾನೂ ಕರೆದಿದ್ದೇನೆ. ಈಗ ಸಂಕಟ ಆಗುತ್ತದೆ.

ಮೈಸೂರು: ಒಬ್ಬರ ಮನೆ ಕಥೆ ಎಲ್ಲರಿಗೂ ಅನ್ವಯಿಸಬೇಡಿ.

ಕುಂದಾಪುರ: ನೀವು ನಿಮ್ಮ ತಾಯಿ ಕಥೆ ಹೇಳಿದಿರಲ್ಲ, ಅದು ಮಾತ್ರ ಎಲ್ಲರಿಗೂ ಅನ್ವಯಿಸುತ್ತದಾ?

ಮಸ್ಕತ್: ಮೇಡಂ, ಊರಿಗೆ ಬಂದಾಗ ಅಲ್ಲಿ ಬರೆದುಕೊಟ್ಟ ಮಾತ್ರೆ ಇಲ್ಲಿಗೆ ತರಬಹುದಾ? ಯಾವ ಕಾಗದ ಬೇಕು?

ಡಾಕ್ಟರ್: ಮೈಸೂರಿನವರೇ, 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಮೊಬೈಲ್ ತೊಂದರೆ ಹೆಚ್ಚಿಸಬಹುದು, ಕಾಯಿಲೆ ಅದರಿಂದ ಹುಟ್ಟಿದ್ದಲ್ಲ.

ಶಿವಮೊಗ್ಗ: ಮೇಡಂ, ನನಗೆ ಎರಡು ವರ್ಷದಿಂದ ಚಿಕಿತ್ಸೆ ನಡೆಯುತ್ತಿದೆ. ಮುಟ್ಟಿಗೆ ಒಂದು ವಾರ ಮುಂಚೆ ಮಾತ್ರೆ ಕೆಲಸವೇ ಮಾಡುವುದಿಲ್ಲ. ಡಾಕ್ಟರಿಗೆ ಹೇಳಿದರೆ ನಂಬುತ್ತಾರಾ?

ಡಾಕ್ಟರ್: ನಂಬಬೇಕು. ಆ ವಾರ ಈಸ್ಟ್ರೋಜನ್ ಇಳಿಯುತ್ತದೆ. ಗಮನಕ್ಕೆ ಬೇಕಾದ ಡೋಪಮಿನ್ ಅನ್ನುವ ಮೆದುಳಿನ ರಾಸಾಯನಿಕದ ಕೆಲಸಕ್ಕೆ ಅದು ನೆರವಾಗುವ ಹಾರ್ಮೋನು. ತುಂಬ ಹೆಂಗಸರು ಇದನ್ನೇ ಹೇಳುತ್ತಾರೆ. ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಗಮನ ಕೆಟ್ಟ ದಿನ ಗುರುತು ಹಾಕಿ ತೋರಿಸಿ. ಮಾತ್ರೆ ಪ್ರಮಾಣ ನೀವೇ ಏರಿಸಬೇಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೀಗೇ ಹೆಚ್ಚಾಗಬಹುದು.

ಮಂಡ್ಯ: ಬಜೆ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಮ್ಮ ಹಿರಿಯರು ದಡ್ಡರಾ? ಒಂದೆಲಗವೂ ಒಳ್ಳೆಯದು. ಅಶ್ವಗಂಧ ಹಾಲಿನಲ್ಲಿ.

ರಾಣೆಬೆನ್ನೂರು: ಹೌದಾ ಅಣ್ಣಾ? ನನ್ನ ಮಗುವಿಗೆ ಆರು ತಿಂಗಳು. ಮುಂದೆ ನನ್ನ ಹಾಗೆ ಆಗದಿರಲಿ ಅಂತ ಈಗಿನಿಂದಲೇ ಬಜೆ ಜೇನು ನೆಕ್ಕಿಸಬಹುದಾ?

ಡಾಕ್ಟರ್: ರಾಣೆಬೆನ್ನೂರಿನವರೇ, ಬೇಡ. ಒಂದು ವರ್ಷದ ಒಳಗಿನ ಮಗುವಿಗೆ ಜೇನುತುಪ್ಪ ಹನಿಯೂ ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಮಗುವಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಕುತ್ತು ಬರಬಹುದು. ಬಜೆಯಲ್ಲಿ ಬೀಟಾ ಅಸರೋನ್ ಅನ್ನುವ ವಸ್ತು ಇದೆ, ಪ್ರಾಣಿಗಳಲ್ಲಿ ಅದು ಕ್ಯಾನ್ಸರ್ ತಂದಿದೆ. ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರಕ್ಕೆ ಸೇರಿಸಬಾರದು ಅಂತ ಮಾಡಿದರು.
ಮಂಡ್ಯದವರೇ, ಒಂದೆಲಗದ ತಂಬುಳಿ ನಾನೂ ಉಣ್ಣುತ್ತೇನೆ, ಊಟಕ್ಕೆ ಅದು ಚೆನ್ನ. ಎಡಿಎಚ್‌ಡಿಗೆ ಔಷಧಿ ಅಂತ ಹೇಳಬೇಡಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಕೆಲವರಿಗೆ ಲಿವರ್ ಕೆಟ್ಟಿದ್ದೂ ಇದೆ. ಥೈರಾಯ್ಡ್ ಮಾತ್ರೆ ತಗೊಳ್ಳುವ ಹೆಂಗಸರು ಈ ಗುಂಪಿನಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತಾ? ನೀವು ಒಂದು ಮೆಸೇಜ್ ಒತ್ತಿದಿರಿ, ಐದೇ ನಿಮಿಷದಲ್ಲಿ ಆರು ತಿಂಗಳ ಕೂಸಿನವರೆಗೆ ಹೋಯಿತು. ದಯವಿಟ್ಟು ಅಳಿಸಿ.

ಮಂಡ್ಯ: ನಾನು ಒಳ್ಳೆಯದಕ್ಕೇ ಹಾಕಿದ್ದು.

ಡಾಕ್ಟರ್: ಇರಬಹುದು. ಅಳಿಸಿ.

ಬೆಂಗಳೂರು: ನಾನು ಐಟಿಯಲ್ಲಿದ್ದೇನೆ, 32. ಕೀ, ಪರ್ಸ್, ಮೊಬೈಲ್ ಎಲ್ಲ ಕಳೆಯುತ್ತೇನೆ. ನನಗೂ ಎಡಿಎಚ್‌ಡಿ ಇರಬಹುದಾ?

ಡಾಕ್ಟರ್: ಹಾಸನದವರಿಗೆ ಬರೆದದ್ದು ಓದಿ.

ಬಳ್ಳಾರಿ: ಎಲ್ಲಿ ತೋರಿಸಬೇಕು ಮೇಡಂ? ಖರ್ಚು ಎಷ್ಟಾಗುತ್ತದೆ?

ಡಾಕ್ಟರ್: ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಮೊದಲು ಹೋಗಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಶಾಲೆಯ ಹಳೆಯ ಮಾರ್ಕ್ಸ್ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ಚಿಕ್ಕಂದಿನಲ್ಲಿ ನಿಮ್ಮನ್ನು ನೋಡಿದ ಅಮ್ಮನೋ ಅಕ್ಕನೋ ಬಂದರೆ ಇನ್ನೂ ಒಳ್ಳೆಯದು.

ಮೈಸೂರು: ಅಂದರೆ ಎಲ್ಲರೂ ಮಾತ್ರೆಗೆ ಅಡಿಕ್ಟ್ ಆಗಿ ಅಂತ.

ಕುಂದಾಪುರ: ಸರ್, ನಿಮ್ಮ ಮನೆಯಲ್ಲಿ ಕರೆಂಟ್ ಬಿಲ್ ಕೊನೇ ದಿನ ಯಾರಿಗೆ ನೆನಪಿರಬೇಕು? ಮಗಳ ಲಸಿಕೆ, ಅತ್ತೆಯ ಬಿಪಿ ಮಾತ್ರೆ, ಗ್ಯಾಸ್ ಬುಕಿಂಗ್? ಅದನ್ನೆಲ್ಲ ನೀವು ಒಂದು ತಿಂಗಳು ತಲೆಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಬಂದು ಮಾತಾಡಿ.

ಮೈಸೂರು: ವೈಯಕ್ತಿಕವಾಗಿ ಮಾತಾಡಬೇಡಿ. ನಮ್ಮ ಮನೆ ವಿಷಯ ನಿಮಗೇಕೆ?

ಶಿರಸಿ: ತಿಪಟೂರಿನ ತಂಗಿ ಮನೆ ವಿಷಯ ನಿಮಗೇಕೆ ಬೇಕಾಯಿತು ಹಾಗಾದರೆ?

ಅಡ್ಮಿನ್: ಸಮಾಧಾನ. ಪ್ರಶ್ನೆ ಮಾತ್ರ ಕೇಳಿ.

ಮಸ್ಕತ್: ಮೇಡಂ, ಮಾತ್ರೆ ತರುವ ವಿಷಯ ಕೇಳಿದ್ದೆ.

ಉಡುಪಿ: ಖಿನ್ನತೆಗೆ ಫ್ಲೂಆಕ್ಸೆಟಿನ್ ತಗೊಳ್ಳುತ್ತಿದ್ದೇನೆ. ಅಟೊಮೊಕ್ಸೆಟಿನ್ ಜೊತೆಗೆ ತಗೊಳ್ಳಬಹುದಾ?

ಡಾಕ್ಟರ್: ಹೇಳದೆ ಸೇರಿಸಬೇಡಿ. ಫ್ಲೂಆಕ್ಸೆಟಿನ್ ಇದ್ದಾಗ ಅಟೊಮೊಕ್ಸೆಟಿನ್ ದೇಹದಿಂದ ಬೇಗ ಹೋಗುವುದಿಲ್ಲ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಎರಡನ್ನೂ ಬರೆಯುವ ಡಾಕ್ಟರು ಒಬ್ಬರೇ ಇರಲಿ. ಅಡಿಕ್ಟ್ ಮಾತಿಗೂ ಇಲ್ಲೇ ಹೇಳುತ್ತೇನೆ: ಅಟೊಮೊಕ್ಸೆಟಿನ್ ಚಟ ಹಿಡಿಸುವ ಔಷಧಿ ಅಲ್ಲ. ಮೀಥೈಲ್‌ಫೆನಿಡೇಟ್ ದುರ್ಬಳಕೆ ಆಗುತ್ತದೆ, ಅದಕ್ಕೇ ಅಷ್ಟು ಕಾನೂನು. ಹೇಳಿದ ಪ್ರಮಾಣದಲ್ಲಿ, ಡಾಕ್ಟರ ಕಣ್ಣೆದುರು ತಗೊಂಡರೆ ಅದು ಚಿಕಿತ್ಸೆ.

ಚಿತ್ರದುರ್ಗ: ಮುಟ್ಟಿನ ಮುಂಚೆ ನನಗೂ ಮರೆವು ಜಾಸ್ತಿ, ಯಾಕೆ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಗದಗ: ನನಗೆ ಈಗ ಮೂರು ತಿಂಗಳು. ಮಾತ್ರೆ ಬಿಡಬೇಕಾ?

ಡಾಕ್ಟರ್: ಬಿಡುವುದನ್ನೂ ಮುಂದುವರಿಸುವುದನ್ನೂ ನೀವೇ ತೀರ್ಮಾನ ಮಾಡಬೇಡಿ. ನಾಳೆ ಬೆಳಗ್ಗೆ ಇಬ್ಬರು ಡಾಕ್ಟರಿಗೂ ಫೋನ್ ಮಾಡಿ, ಹೆರಿಗೆಯವರಿಗೂ ಮನೋವೈದ್ಯರಿಗೂ.

ಮೈಸೂರು: ನಾನು ಗುಂಪು ಬಿಡುತ್ತಿದ್ದೇನೆ. ಇಲ್ಲಿ ಗಂಡಸರು ಬಾಯಿ ಬಿಡುವ ಹಾಗಿಲ್ಲ.

ಮಂಡ್ಯ: ನಾನೂ ಒಳ್ಳೆಯದು ಹೇಳಿ ಕೆಟ್ಟವನಾದೆ. ಬಜೆ ಬೇಕಾದವರು ಖಾಸಗಿಯಾಗಿ ಕೇಳಿ.

ಡಾಕ್ಟರ್: ಅಡ್ಮಿನ್, ಇದನ್ನು ನೀವು ನೋಡಿಕೊಳ್ಳಿ. ರಾಣೆಬೆನ್ನೂರಿನವರೇ, ನೀವು ಖಾಸಗಿಯಾಗಿಯೂ ಕೇಳಬೇಡಿ, ದಯವಿಟ್ಟು. 7 ಗಂಟೆ ಆಗಿದೆ. ತಿಪಟೂರಿನವರು ಇದ್ದಾರಾ?

ತಿಪಟೂರು: ಇದ್ದೇನೆ ಮೇಡಂ. ಎಲ್ಲ ಓದಿದೆ. ಎರಡು ಸಲ ಟೈಪ್ ಮಾಡಿ ಅಳಿಸಿದೆ. ಯಜಮಾನರಿಗೆ ಹೇಳಿಬಿಟ್ಟೆ. ಮೊದಲು ಬೈದರು, ಅಪ್ಪನ ಮಾತು ಎತ್ತಿದ ಕೂಡಲೇ ಸುಮ್ಮನಾದರು. ನಾಳೆ 10 ಗಂಟೆಗೆ ಇಸಿಜಿಗೆ ಇಬ್ಬರೂ ಹೋಗುತ್ತೇವೆ.

ಡಾಕ್ಟರ್: ಮಾತ್ರೆ ಡಬ್ಬಿ ಈಗ ಎಲ್ಲಿದೆ?

ತಿಪಟೂರು: ಅತ್ತೆಯ ಬೀರುವಿನಲ್ಲಿ. ಬೀಗದ ಕೈ ಅವರ ಸೊಂಟದಲ್ಲಿದೆ. ಮಗನಿಗೆ ದಿನಾ ಅವರೇ ಕೊಡುತ್ತಾರಂತೆ.

ಡಾಕ್ಟರ್: ಸರಿ. ಇಸಿಜಿ ಆದ ತಕ್ಷಣ ಬರೆಯಿರಿ.

ಮಸ್ಕತ್: ಮೇಡಂ?