ಅಪ್‌ಡೇಟ್: ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಕ್ಲಾಸಿಗೆ ಸೇರ್ಕೊಂಡೆ!

ಎಡಿನ್‌ಬರೋಗೆ ಬಂದು ವರ್ಷ ಆದ್ರೂ ಆಫೀಸ್ ಬಿಟ್ರೆ ಯಾರೂ ಪರಿಚಯ ಇಲ್ಲ, ಜೋಡಿ ಇಲ್ದೆ ಒಬ್ಳೇ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಕಲಿಯೋಕೆ ಹೋಗ್ಬೋದಾ ಅಂತ ಕೇಳಿದ್ನಲ್ಲ, ಧೈರ್ಯವಾಗಿ ಹೋಗಿ ಅಂದವ್ರಿಗೆಲ್ಲ ತುಂಬಾ ಥ್ಯಾಂಕ್ಸ್. ಆರು ವಾರ ಆಯ್ತು, ಒಂದು ಕ್ಲಾಸೂ ತಪ್ಪಿಸಿಲ್ಲ.

ಜೋಡಿ ಬೇಕೇ ಇಲ್ಲ. ಪ್ರತಿ ಡ್ಯಾನ್ಸಿಗೂ ಪಾರ್ಟ್ನರ್ ಬದಲಾಗ್ತಾರೆ, ಮೊದಲ್ನೇ ದಿನ ನಾನು ಗೋಡೆ ಪಕ್ಕ ನಿಂತಿದ್ರೆ ಎಪ್ಪತ್ತು ದಾಟಿರೋ ಅಜ್ಜಿ ಒಬ್ರು ಬಂದು ಕೈ ಹಿಡ್ಕೊಂಡು ಕರ್ಕೊಂಡೇ ಹೋದ್ರು. ಸಾಮಾನ್ಯವಾಗಿ ನಾಲ್ಕು ಜೋಡಿ ಎದುರುಬದುರು ಎರಡು ಸಾಲಲ್ಲಿ ನಿಲ್ತೀವಿ, ಅದೇ ಒಂದು ಸೆಟ್. ಮ್ಯೂಸಿಕ್ ಹಾಕೋ ಮುಂಚೆ ಟೀಚರ್ ಪೂರ್ತಿ ಡ್ಯಾನ್ಸ್ ಒಂದ್ಸಲ ನಡೆಸಿ ತೋರಿಸ್ತಾರೆ, ಹಾಗಾಗಿ ಭಯ ಬೇಡ.

ಇದ್ರಲ್ಲಿ ರೀಲ್, ಜಿಗ್ ಅನ್ನೋ ಥರದ ಡ್ಯಾನ್ಸ್ ಎರಡೂ ಫಾಸ್ಟು. ಸ್ಟ್ರಾತ್‌ಸ್ಪೇ ಅನ್ನೋ ಥರದ್ದು ನಿಧಾನ, ಆದ್ರೆ ಸುಲಭ ಅನ್ಕೋಬೇಡಿ, ಕಾಲು ತೇಲಿಸಿ ತೇಲಿಸಿ ಇಡೋದ್ರಲ್ಲಿ ಮೀನಖಂಡ ಹಿಡ್ಕೊಂಡ್ಬಿಡತ್ತೆ, ನಂಗೆ ಅದೇ ತುಂಬಾ ಇಷ್ಟ. ಪಾ ದ ಬಾಸ್ಕ್ ಅನ್ನೋ ಸ್ಟೆಪ್ ಎರಡು ವಾರ ಕೂತಿರ್ಲಿಲ್ಲ, ಅಡುಗೆಮನೇಲಿ ಕುಕ್ಕರ್ ಕೂಗೋವರೆಗೂ ಒಂದು-ಎರಡು-ಮೂರು ಅಂತ ಎಣಿಸ್ಕೊಂಡು ಪ್ರಾಕ್ಟೀಸ್ ಮಾಡಿ ಮಾಡಿ ಈಗ ಬರ್ತಿದೆ.

ಶೂ ಬಗ್ಗೆ ಕೇಳಿದ್ರಲ್ಲ, ಗಿಲ್ಲಿ ಅಂತ ಲೇಸ್ ಕಟ್ಟೋ ಮೆತ್ತನೆ ಲೆದರ್ ಶೂ ಇರತ್ತೆ, ಶುರುಗೆ ಹಗುರ ಚಪ್ಪಟೆ ಶೂ ಸಾಕು. ಬೇರೆ ಊರಲ್ಲಿರೋರು 1923ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ರಾಯಲ್ ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ಸೊಸೈಟಿ ಶಾಖೆ ಹತ್ರದಲ್ಲಿದ್ಯಾ ನೋಡಿ, ಬೇರೆ ಬೇರೆ ದೇಶಗಳಲ್ಲೂ ಇವೆ.

ಹೋದ್ವಾರ ಬ್ರೇಕಲ್ಲಿ ಟೀ ಕುಡೀತಾ ಆ ಅಜ್ಜಿ ನನ್ ಹೆಸ್ರು ಸರಿಯಾಗಿ ಹೇಳೋದು ಹೇಗೆ ಅಂತ ಮೂರು ಸಲ ಕೇಳಿ ಕಲ್ತ್ಕೊಂಡ್ರು.