ಎಚ್‌ಐವಿ ಇರುವ ಮಗುವಿನ ಲಿವರ್‌ನಲ್ಲಿ ಸ್ಮೂತ್ ಮಸಲ್ (ನಯ ಸ್ನಾಯು) ಗಡ್ಡೆ: ಇಬಿವಿಯಿಂದಲೇ (ಎಪ್‌ಸ್ಟೀನ್-ಬಾರ್ ವೈರಸ್) ಬಂದದ್ದು ಎಂದು ಹೇಳುವುದು ಹೇಗೆ?

ಪ್ಯಾಥಾಲಜಿ ಪಿಜಿ:
ಆರು ವರ್ಷದ ಮಗು. ತಾಯಿಯಿಂದ ಬಂದ ಎಚ್‌ಐವಿ, ಸಿಡಿ4 (ರೋಗನಿರೋಧಕ ಕೋಶ) ಎಣಿಕೆ 90, ಅಂದರೆ ತೀರಾ ಕಡಿಮೆ. ಸಿಟಿಯಲ್ಲಿ ಲಿವರ್‌ನಲ್ಲಿ ಎರಡು ಗಂಟು, ಎಡ ಶ್ವಾಸಕೋಶದಲ್ಲಿ ಒಂದು. ಲಿವರ್ ಬಯಾಪ್ಸಿಯಲ್ಲಿ ಸ್ಪಿಂಡಲ್ (ಕದಿರಿನಾಕಾರದ) ಕೋಶಗಳ ಕಟ್ಟುಗಳು, ನಡುನಡುವೆ ಲಿಂಫೋಸೈಟ್‌ಗಳು. ಸ್ನಾಯು ಗುರುತಿಸುವ ಸ್ಟೇನ್‌ಗಳಲ್ಲಿ ಎಸ್‌ಎಂಎ ಪಾಸಿಟಿವ್, ಡೆಸ್ಮಿನ್ ಅಲ್ಲಲ್ಲಿ ಮಾತ್ರ; ಮೈಟೋಸಿಸ್ (ಕೋಶ ವಿಭಜನೆ) ಕಡಿಮೆ. ರಕ್ತದಲ್ಲಿ ಇಬಿವಿ ಐಜಿಜಿ (ಪ್ರತಿಕಾಯ) ಪಾಸಿಟಿವ್. "ಲಿಯೋಮಯೋಸಾರ್ಕೋಮಾ (ಸ್ಮೂತ್ ಮಸಲ್ ಕ್ಯಾನ್ಸರ್), ಶ್ವಾಸಕೋಶಕ್ಕೆ ಹರಡಿದೆ" ಎಂದು ರಿಪೋರ್ಟ್ ಕೊಡಬಹುದೇ?

ಸ್ಲೈಡ್ ನೋಡುವವರು:
ಈಗಲೇ ಹಾಗೆ ಬರೆಯಬೇಡಿ. ಐಜಿಜಿ ಹೇಳುವುದು ಹಿಂದೆಂದೋ ಸೋಂಕು ತಗುಲಿತ್ತು ಎಂಬುದನ್ನಷ್ಟೇ. ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದು ಪಾಸಿಟಿವ್. ನಮ್ಮ ಕಡೆ ಬಹುತೇಕ ಮಕ್ಕಳಿಗೂ ಚಿಕ್ಕಂದಿನಲ್ಲೇ ತಗುಲಿರುತ್ತದೆ. ವೈರಸ್ ಗಡ್ಡೆಯ ಕೋಶದೊಳಗೇ ಇದೆ ಎಂದು ತೋರಿಸಬೇಕು. ಅದಕ್ಕೆ ಇಬಿಇಆರ್ ಇನ್ ಸಿಟು ಹೈಬ್ರಿಡೈಸೇಷನ್ ಬೇಕು, ಅಂದರೆ ವೈರಸ್‌ನ ಆರ್‌ಎನ್‌ಎಯನ್ನು ಸ್ಲೈಡ್ ಮೇಲೇ ಕೋಶದೊಳಗೆ ಹುಡುಕುವ ಪರೀಕ್ಷೆ. ಇಬಿವಿ ಗಡ್ಡೆಯಾದರೆ ಸ್ಪಿಂಡಲ್ ಕೋಶಗಳ ನ್ಯೂಕ್ಲಿಯಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಗಾಢವಾಗಿ ಬಣ್ಣ ಹಿಡಿಯುತ್ತವೆ. ನಡುವಿನ ಒಂದೆರಡು ಲಿಂಫೋಸೈಟ್ ಮಾತ್ರ ಬಣ್ಣ ಹಿಡಿದಿದ್ದರೆ ಅದನ್ನು ಪಾಸಿಟಿವ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಲ್‌ಎಂಪಿ1 (ಇಬಿವಿಯ ಒಂದು ಪ್ರೋಟೀನ್) ಸ್ಟೇನ್ ಅನೇಕ ಬಾರಿ ನೆಗೆಟಿವ್ ಬರುತ್ತದೆ. ಅದನ್ನು ನಂಬಿ ಇಬಿವಿ ಇಲ್ಲ ಎನ್ನಬಾರದು.

ಎಡವುವುದು ಹೆಚ್ಚಾಗಿ ಆರ್‌ಎನ್‌ಎ ವಿಚಾರದಲ್ಲಿ. ಇಬಿಇಆರ್ ಎಂಬುದೇ ಆರ್‌ಎನ್‌ಎ, ಆದ್ದರಿಂದ ಅದೇ ಬ್ಲಾಕಿನ ಮೇಲೆ ಆರ್‌ಎನ್‌ಎ ಕಂಟ್ರೋಲ್ ಪ್ರೋಬ್ ಹಾಕಿ ಆರ್‌ಎನ್‌ಎ ಉಳಿದಿದೆಯೇ ಎಂದು ನೋಡದೆ "ನೆಗೆಟಿವ್" ಎನ್ನುವಂತಿಲ್ಲ. ಗಡ್ಡೆ ಬೆನ್ನುಮೂಳೆಯಲ್ಲಿದ್ದಾಗ ಆ ಬಯಾಪ್ಸಿಯನ್ನು ಆಸಿಡ್‌ನಲ್ಲಿ ಡಿಕ್ಯಾಲ್ಸಿಫೈ ಮಾಡಿದರೆ (ಕ್ಯಾಲ್ಸಿಯಂ ತೆಗೆದರೆ) ಆರ್‌ಎನ್‌ಎ ಹಾಳಾಗುತ್ತದೆ; ಇಡಿಟಿಎ ಬಳಸಿ. ಕೋರ್ (ಸೂಜಿಯಲ್ಲಿ ತೆಗೆದ ತುಣುಕು) ಸಣ್ಣದಿದ್ದರೆ ಮೊದಲ ಸಲ ಕತ್ತರಿಸುವಾಗಲೇ ಹತ್ತು ಸ್ಲೈಡ್ ಸ್ಟೇನ್ ಮಾಡದೆ ಎತ್ತಿಡಿ. ಬ್ಲಾಕನ್ನು ಪ್ರತಿ ಸಲ ಹೊಸದಾಗಿ ಟ್ರಿಮ್ ಮಾಡುತ್ತ ಹೋದರೆ ಕೊನೆಗೆ ಟಿಶ್ಯೂನೇ ಉಳಿಯುವುದಿಲ್ಲ.

"ಹರಡಿದೆ" ಎಂಬ ಮಾತಿಗೆ ಬಂದರೆ, ಈ ಕಾಯಿಲೆಯಲ್ಲಿ ಒಂದೇ ಮಗುವಿನ ಬೇರೆ ಬೇರೆ ಗಂಟುಗಳು ಬೇರೆ ಬೇರೆ ಕ್ಲೋನ್‌ಗಳಿಂದ (ಬೇರೆ ಬೇರೆ ಮೂಲಕೋಶದ ಸಂತತಿಯಿಂದ) ಹುಟ್ಟಿದವು ಎಂದು ವೈರಸ್‌ನ ಟರ್ಮಿನಲ್ ರಿಪೀಟ್‌ಗಳ (ಡಿಎನ್‌ಎ ತುದಿಯ ಪುನರಾವರ್ತನೆಗಳ) ಅಧ್ಯಯನದಲ್ಲಿ ಕಂಡಿದೆ. ಅಂದರೆ ಒಂದೊಂದೂ ಸ್ವತಂತ್ರ ಗಡ್ಡೆ. ಮೈಟೋಸಿಸ್ ಎಣಿಸಿ ಗ್ರೇಡ್ ಕೊಟ್ಟರೂ ಮುಂದೇನಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. "ಇಬಿವಿ ಸಂಬಂಧಿತ ಸ್ಮೂತ್ ಮಸಲ್ ಟ್ಯೂಮರ್, ಬಹುಸ್ಥಾನಗಳಲ್ಲಿ" ಎಂದೇ ಬರೆಯಿರಿ. ಮೆಟಾಸ್ಟಾಸಿಸ್ (ಹರಡಿದ ಕ್ಯಾನ್ಸರ್) ಎಂಬ ಒಂದು ಪದ ಕಂಡರೆ ಸರ್ಜನ್ ಹಿಂದೆ ಸರಿಯುತ್ತಾರೆ. ತೆಗೆಯಬಹುದಾಗಿದ್ದ ಗಂಟು ಹಾಗೇ ಉಳಿಯುತ್ತದೆ.

ಮೈಕ್ರೋಬಯಾಲಜಿ:
ಎಚ್‌ಐವಿ ಇದ್ದಾಗ ಜೀಲ್-ನೀಲ್ಸೆನ್ (ಟಿಬಿ ಜಾತಿಯ ಬ್ಯಾಕ್ಟೀರಿಯಾ ತೋರಿಸುವ) ಸ್ಟೇನ್ ಮತ್ತು ಸಿಡಿ68 (ಹಿಸ್ಟಿಯೋಸೈಟ್ ಗುರುತಿಸುವ ಸ್ಟೇನ್) ಬಿಡಬೇಡಿ. ಮೈಕೋಬ್ಯಾಕ್ಟೀರಿಯಾ ತುಂಬಿದ ಹಿಸ್ಟಿಯೋಸೈಟ್‌ಗಳು (ಸೂಕ್ಷ್ಮಾಣು ನುಂಗುವ ಕೋಶಗಳು) ಸ್ಪಿಂಡಲ್ ರೂಪದಲ್ಲಿ ಗಡ್ಡೆಯ ಹಾಗೇ ಕಾಣುತ್ತವೆ. ಇದೇ ರೀತಿ ಕಾಣುವ ಕಪೋಸಿ ಸಾರ್ಕೋಮಾ ಇಲ್ಲವೆನ್ನಲು ಎಚ್‌ಎಚ್‌ವಿ8 ಸ್ಟೇನ್, ಇನ್‌ಫ್ಲಮೇಟರಿ ಮಯೋಫೈಬ್ರೋಬ್ಲಾಸ್ಟಿಕ್ ಟ್ಯೂಮರ್‌ಗೆ ಎಎಲ್‌ಕೆ ಸ್ಟೇನ್ ಮಾಡಿಸಿ.

ಮಕ್ಕಳ ಆಂಕಾಲಜಿ:
1995ರ ಜನವರಿಯಲ್ಲಿ ಏಡ್ಸ್ ಇದ್ದ ಮಕ್ಕಳು ಮತ್ತು ಯುವಜನರಲ್ಲಿ ಹಾಗೂ ಅಂಗಾಂಗ ಕಸಿಯಾದ ಮಕ್ಕಳಲ್ಲಿ ಇದೇ ಗಡ್ಡೆಯನ್ನು ವರದಿ ಮಾಡಿದ ಎರಡು ಲೇಖನಗಳು ಒಟ್ಟಿಗೇ ಬಂದವು. ಎರಡೂ ಕಡೆ ಮೂಲ ತೊಂದರೆ ಕುಗ್ಗಿದ ರೋಗನಿರೋಧಕ ಶಕ್ತಿ. ಹಾಗಾಗಿ ಈ ಮಗುವಿಗೆ ಮೊದಲ ಔಷಧ ಸರಿಯಾದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ). ಕಸಿಯಾದ ಮಗುವಾಗಿದ್ದರೆ ಕಸಿ ತಂಡದ ಜೊತೆ ಕೂತು ಟ್ಯಾಕ್ರೊಲಿಮಸ್ (ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ) ಇಳಿಸಬೇಕು. ತೆಗೆಯಲು ಬರುವ ಗಂಟನ್ನು ತೆಗೆಸಿ. ಅಸೈಕ್ಲೊವಿರ್ (ಹರ್ಪಿಸ್ ಜಾತಿಯ ವೈರಸ್‌ಗಳ ಔಷಧ) ನಿಂದ ಪ್ರಯೋಜನವಿಲ್ಲ: ಗಡ್ಡೆಯಲ್ಲಿ ವೈರಸ್ ಸುಪ್ತವಾಗಿರುತ್ತದೆ, ಆ ಔಷಧ ಕೆಲಸ ಮಾಡುವುದು ವೈರಸ್ ದ್ವಿಗುಣವಾಗುವಾಗ ಮಾತ್ರ.

ಈ ಗಡ್ಡೆಗಳಲ್ಲಿ ಎಂಟಾರ್ ಹಾದಿ (ಕೋಶ ಬೆಳೆಯಲು ಸೂಚನೆ ಕೊಡುವ ವ್ಯವಸ್ಥೆ) ಚುರುಕಾಗಿರುವುದರಿಂದ ಅದನ್ನು ತಡೆಯುವ ಸಿರೊಲಿಮಸ್ ಕೊಡುತ್ತಾರೆ. ಎಚ್ಚರಿಕೆ ಬೇಕಾದದ್ದು ಇಲ್ಲೇ. ಮಗು ಲೋಪಿನಾವಿರ್-ರಿಟೊನಾವಿರ್ ಎಂಬ ಎಚ್‌ಐವಿ ಔಷಧದ ಮೇಲಿದ್ದರೆ ಸಿರೊಲಿಮಸ್ ಮಟ್ಟ ಹಲವು ಪಟ್ಟು ಏರುತ್ತದೆ. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ನೆಲ ಕಚ್ಚುತ್ತದೆ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದಿಂದ ಸಿರೊಲಿಮಸ್‌ಗೆ ಆ ತೊಂದರೆಯಿಲ್ಲ. ಮಟ್ಟ ನೋಡಲು ಮುಂದಿನ ಡೋಸ್‌ಗೆ ತುಸು ಮುಂಚೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆಯಿರಿ. ಔಷಧ ಕೆಂಪು ರಕ್ತಕಣಗಳಲ್ಲೇ ಕೂತಿರುವುದರಿಂದ ಸೀರಮ್ ಕಳಿಸಿದರೆ ಅಂಕಿ ತಪ್ಪಾಗುತ್ತದೆ. ಬಾಯಿಹುಣ್ಣು, ಕೊಲೆಸ್ಟ್ರಾಲ್ ನೋಡುತ್ತಿರಿ. ಗಾಯ ಮಾಯುವುದು ನಿಧಾನವಾಗುವುದರಿಂದ ಆಪರೇಷನ್ ಮುಗಿದು ಹೊಲಿಗೆ ಕೂಡಿಕೊಂಡ ಮೇಲೆ ಶುರುಮಾಡಿ.

ಎಚ್‌ಐವಿಯೂ ಇಲ್ಲ, ಕಸಿಯೂ ಆಗಿಲ್ಲ ಎನ್ನುವ ಮಗುವಿನಲ್ಲಿ ಈ ಗಡ್ಡೆ ಕಂಡರೆ ಹುಟ್ಟಿನಿಂದ ಬಂದ ಇಮ್ಯುನೋಡಿಫಿಶಿಯೆನ್ಸಿ (ರೋಗನಿರೋಧಕ ಶಕ್ತಿಯ ಕೊರತೆ) ಹುಡುಕಲೇಬೇಕು: ಕಾರ್ಮಿಲ್2, ಗಾಟಾ2 ಜೀನ್‌ಗಳ ದೋಷ. ಕಾರ್ಮಿಲ್2 ತೊಂದರೆ ಬರಲು ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬರಬೇಕು. ಸೋದರಮಾವನ ಜೊತೆ ಮದುವೆ ನಡೆಯುವ ನಮ್ಮ ಕಡೆ ವಂಶವೃಕ್ಷ ಬರೆಸದೆ ಬಿಡಬಾರದು.

ಪ್ಯಾಥಾಲಜಿ ಪಿಜಿ:
ಇಬಿಇಆರ್ ನಮ್ಮಲ್ಲಿಲ್ಲ, ಬ್ಲಾಕ್ ಹೊರಗೆ ಕಳಿಸುತ್ತೇವೆ. ಅಷ್ಟರೊಳಗೆ ಬೇರೇನಾದರೂ ಮಾಡಿಸಬೇಕೇ?

ಮಕ್ಕಳ ಆಂಕಾಲಜಿ:
ತಲೆನೋವು ಇಲ್ಲದಿದ್ದರೂ ಮೆದುಳು, ಬೆನ್ನುಹುರಿಯ ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಿ. ಎಚ್‌ಐವಿಯಲ್ಲಿ ಡ್ಯೂರಾಕ್ಕೆ (ಮೆದುಳಿನ ಹೊರಪೊರೆಗೆ) ಅಂಟಿಕೊಂಡ ಗಂಟುಗಳು ಸಿಗುತ್ತವೆ, ಅವನ್ನು ಟ್ಯೂಬರ್‌ಕ್ಯುಲೋಮಾ (ಟಿಬಿ ಗಂಟು) ಎಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಡುವ ಅಪಾಯವಿದೆ.